ಬೀಬಿ ಸಮನಳ ಐದು ಹಾಡು

ಮೆಹ್ರ್ ತಿಂಗಳು ೧೭, ಸೋಮವಾರ

ತೂರಜ್ ಬಂದ. ಇಪ್ಪತ್ತೇಳು ವರ್ಷದ ಮೇಲೆ ಇಸ್ಫಹಾನಿಗೆ ಕಾಲಿಟ್ಟ ನನ್ನ ತಮ್ಮ, ಮೂರನೇ ಮಹಡಿ ಹತ್ತುವಷ್ಟರಲ್ಲಿ ನಾಲ್ಕು ಕಡೆ ನಿಂತ. ಗೋಡೆ ಹಿಡಿದುಕೊಂಡು ಮೇಲೆ ನೋಡಿ, "ಆಬ್ಜಿ, ಲಿಫ್ಟ್ ಇಲ್ವಾ?" ಎಂದ. ನನ್ನನ್ನು ಆಬ್ಜಿ ಎಂದು, ಅಕ್ಕಾ ಎಂದು ಕರೆಯಲು ಲೋಕದಲ್ಲಿ ಇರುವವನು ಇವನೊಬ್ಬನೇ.

"ನೀನು ಬರ್ತೀಯ ಅಂತ ಮೊದಲೇ ಗೊತ್ತಿದ್ರೆ ಕಟ್ಟಿಸ್ತಿದ್ದೆ," ಎಂದೆ.

ಅಪ್ಪ ಹೋದಾಗ ಬರಲಿಲ್ಲ. ಅಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ದಾಗ ಬರಲಿಲ್ಲ. ಈಗ ಬಂದಿದ್ದಾನೆ, ಎರಡು ಪೆಟ್ಟಿಗೆ ತೆಗೆದುಕೊಂಡು. ಒಂದರಲ್ಲಿ ಬಟ್ಟೆ, ಇನ್ನೊಂದರ ತುಂಬ ಕಾಗದ.

ರಂಜಾನಿನ ಉಪವಾಸ ಬಿಡುವ ಹೊತ್ತಿಗೆ ಗಂಜಿ ಬಡಿಸಿದೆ. ಎರಡು ಚಮಚ ತಿಂದು ಬಟ್ಟಲು ದೂಡಿದ. "ವಿಯೆನ್ನಾದ ಊಟದ ರುಚಿ ಇಲ್ಲಿ ಸಿಗಲ್ಲಪ್ಪ," ಎಂದು ಚುಚ್ಚಿದೆ. ಆಗ ಹೇಳಿದ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್. ಕತ್ತರಿಸಿ ತೆಗೆಯುವ ಹಂತ ದಾಟಿದೆಯಂತೆ. ವಸಂತದ ಹೊಸವರ್ಷ, ನೌರೂಜ್ ಹಬ್ಬ ಕಂಡರೆ ಹೆಚ್ಚಂತೆ.

"ಅಂದ್ರೆ ಇಲ್ಲಿಗೆ ಸಾಯಕ್ಕೆ ಬಂದಿದೀಯಾ?" ನನ್ನ ಬಾಯಿಂದ ಬಂದದ್ದು ಅದು.

"ಸಾಯೋದು ಅಲ್ಲೂ ಆಗ್ತಿತ್ತು. ನಿನ್ನಿಂದ ಒಂದು ಕೆಲಸ ಆಗ್ಬೇಕು."

ಏನು ಕೆಲಸವೆಂದು ನಾನು ಕೇಳಲಿಲ್ಲ. ಯಾರಿಗೂ ಹೇಳಬೇಡ ಎಂದಿದ್ದಾನೆ. ಅದಕ್ಕೇ ಶಾಲೆಯಿಂದ ತಂದ ಈ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಮೆಹ್ರ್ ೨೨, ಶನಿವಾರ

ಶಾಲೆಯಲ್ಲಿ ನನ್ನ ಹುಡುಗಿಯರ ಭೂಗೋಳದ ಪರೀಕ್ಷೆ ಮುಗಿಸಿ ಬಂದರೆ ಪಿಯಾನೋ ಮೇಲಿದ್ದ ಉಪ್ಪಿನಕಾಯಿ ಜಾಡಿ, ಅಪ್ಪ-ಅಮ್ಮನ ಫೋಟೋ, ಇಸ್ತ್ರಿಪೆಟ್ಟಿಗೆ ಎಲ್ಲವೂ ನೆಲದ ಮೇಲೆ. ಇವನು ಮುಚ್ಚಳ ತೆಗೆದು ಕೂತಿದ್ದಾನೆ.

"ಇದನ್ನ ಯಾಕಿಟ್ಕೊಂಡೆ? ಹಳೇ ಮನೆ ಬಿಡುವಾಗ ಯಾರಿಗಾದ್ರೂ ಕೊಡಬಹುದಿತ್ತಲ್ಲ."

"ಯಾರೂ ಕೇಳ್ಲಿಲ್ಲ."

ಸುಳ್ಳು. ಇಬ್ಬರು ಕೇಳಿದ್ದರು.

ಕೆಲಸ ಏನೆಂದು ತಿಳಿಯಿತು. ಅರ್ದಸ್ತಾನದಲ್ಲಿ ಆರುನೂರು ವರ್ಷದ ಹಿಂದೆ ಬೀಬಿ ಸಮನ್ ಎಂಬ ನೇಕಾರ ಹೆಂಗಸು ಇದ್ದಳಂತೆ. ಮಗ್ಗದ ಮುಂದೆ ಕೂತು, ದೇವರನ್ನು ಗೆಳೆಯಾ ಎಂದು ಕರೆದು, ಅವನೊಡನೆ ಜಗಳವಾಡುತ್ತ ಪದ್ಯ ಹೇಳುತ್ತಿದ್ದಳಂತೆ. ಉಳಿದಿರುವುದು ಐದು. ಐದಕ್ಕೂ ಇವನು ಪಿಯಾನೋ ಜೊತೆಗೆ ಒಂಟಿ ಹೆಣ್ಣುಧ್ವನಿ ಹಾಡುವ ಹಾಗೆ ಸಂಗೀತ ಕಟ್ಟಿದ್ದಾನೆ. ಹನ್ನೊಂದು ವರ್ಷದ ಕೆಲಸ. ಐದು ಹೊತ್ತಿನ ನಮಾಜು ತಪ್ಪಿಸದವಳು ನಾನು. ದೇವರ ಹಾಡು ಕಟ್ಟಿದವನು ಮಸೀದಿಯ ಕಡೆ ತಲೆಯೂ ಹಾಕದ ಇವನು.

ಮೊದಲ ಪುಟದ ಮೇಲೆ ನನ್ನ ಹೆಸರು ಬರೆದಿದ್ದಾನೆ: "ಫರಂಗೀಸಳ ಧ್ವನಿಗೆ."

ನಾನು ಸ್ವರಲಿಪಿ ಓದುವುದನ್ನು ಮರೆತಿರಬೇಕಿತ್ತು. ಮರೆತಿರಲಿಲ್ಲ. ಸ್ವರಗಳೆಲ್ಲ ಲಿಪಿಯ ಐದು ಗೆರೆ ದಾಟಿ ಮೇಲೆ, ತಾರಕ್ಕೆ ಹತ್ತಿ ಕೂತಿವೆ. ಅದು ಇಪ್ಪತ್ತೆರಡರ ಹುಡುಗಿಯ ಧ್ವನಿ. ಅವಳಿಗೆ ಟೆಹ್ರಾನಿನ ಸಂಗೀತಶಾಲೆಯಲ್ಲಿ ಸೀಟು ಸಿಕ್ಕಿತ್ತು. ಅದೇ ಚಳಿಗಾಲದಲ್ಲಿ ಕ್ರಾಂತಿಯಾಯಿತು. ಹೆಂಗಸು ಒಬ್ಬಳೇ ನಿಂತು ಹಾಡುವುದು ಮುಗಿಯಿತು. ಮನೆಯಿಂದ ಒಬ್ಬರು ಮಾತ್ರ ವಿದೇಶಕ್ಕೆ ಹೋಗಬಹುದಿತ್ತು, ಇವನು ಹೋದ. ಆಮೇಲೆ ನಾನು ಹಾಡಲು ಬಾಯಿ ತೆರೆದಿಲ್ಲ. ಅಡುಗೆಮನೆಯಲ್ಲೂ ಇಲ್ಲ.

"ಆ ಹುಡುಗಿ ಈ ವಿಳಾಸದಲ್ಲಿಲ್ಲ. ಬೇರೆ ಕಡೆ ಹುಡುಕ್ಕೋ," ಎಂದು ಕಾಗದ ಹಿಂದಕ್ಕೆ ಕೊಟ್ಟೆ.

ಆಬಾನ್ ೫, ಶುಕ್ರವಾರ

ಊರಿನ ಅರ್ಮೇನಿಯನ್ನರ ಕೇರಿ ಜುಲ್ಫಾದಿಂದ ಹಾಸ್ಮಿಕ್ ಬಂದಳು. ನಮ್ಮಿಬ್ಬರಿಗೂ ಪಿಯಾನೋ ಕಲಿಸಿದ ಅರ್ಮೇನಿಯನ್ ಮೇಷ್ಟ್ರ ಮಗಳು. ಈಗ ಆ ಕೇರಿಯ ಅರ್ಧ ಮಕ್ಕಳಿಗೆ ಅವಳೇ ಮೇಷ್ಟ್ರು. ಬಾಗಿಲಲ್ಲಿ ತೂರಜ್‌ನನ್ನು ನೋಡಿ, "ಏನೋ ಇದು, ಮೊಳೆಗೆ ಕೋಟು ತೂಗುಹಾಕ್ದಂಗೆ ಆಗಿದೀಯ!" ಎಂದು ನಗಿಸಿದಳು. ಅವಳಿಗೆ ಮಾತ್ರ ಇವನೇ ಫೋನಿನಲ್ಲಿ ಎಲ್ಲ ಹೇಳಿದ್ದನಂತೆ. ಆಮೇಲೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ನನ್ನ ಭುಜಕ್ಕೆ ಹಣೆ ಕೊಟ್ಟು ನಿಂತಳು.

ಐದನ್ನೂ ನುಡಿಸಿದಳು. ಪಕ್ಕದಲ್ಲಿ ಕೂತು ಇವನು ಹಾಳು ಗಂಟಲಲ್ಲಿ ಪದ ಹೇಳಿದ. ಮೊದಲನೆಯದು:

ನೂಲು ಕಡಿದಲ್ಲಿ ಗಂಟು ಹಾಕಿದೆ,
ಗಂಟಿನೊಳಗೆ ನೀನು ಸಿಕ್ಕಿಕೊಂಡೆ;
ಬಟ್ಟೆ ನುಣುಪಾಗಲಿಲ್ಲವೆಂದು
ಇನ್ನು ಯಾರಿಗೆ ದೂರಲಿ, ಗೆಳೆಯಾ?

ಕೆಟ್ಟದ್ದೇನಲ್ಲ. ಕೊನೆಯ ಸಾಲು ಮಾತ್ರ ಅಷ್ಟೆತ್ತರಕ್ಕೆ ಯಾಕೆ ಹೋಗಬೇಕೋ. ದೂರು ಹೇಳುವವಳು ಕಿರುಚುತ್ತಾಳೆಯೇ?

"ಉರ್ದಿಬೆಹೆಶ್ತ್‌ ತಿಂಗಳಲ್ಲಿ, ನೌರೂಜ್ ಆದ್ಮೇಲೆ, ಹೆಂಗಸರ ಕಾರ್ಯಕ್ರಮಕ್ಕೆ ಅನುಮತಿ ಕೇಳೋಣ," ಎಂದಳು ಹಾಸ್ಮಿಕ್. "ಹಾಡೋಳು, ನುಡಿಸೋಳು, ಕೇಳೋರು, ಬಾಗಿಲು ಕಾಯೋಳು ಎಲ್ಲಾ ಹೆಂಗಸರೇ. ಹಾಗಾದ್ರೆ ಕೊಡ್ತಾರೆ."

"ಕಟ್ಟಿದೋನು?" ಎಂದ ತೂರಜ್.

"ಹೊರಗೆ ಕಾರಲ್ಲಿ ಕೂತಿರಪ್ಪ."

"ಹೆಂಗಸರ ಚಾದರ ಹೊದ್ಕೊಂಡು ಹಿಂದಿನ ಸಾಲಲ್ಲಿ ಕೂತ್ಕೋತೀನಿ ಬಿಡು," ಎಂದು ನಕ್ಕು, ನಗುವಾಗ ನೋವಿಗೆ ಹೊಟ್ಟೆ ಹಿಡಿದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ನಾನು ಅಲ್ಲೀ ತನಕ ಇರಲ್ಲ ಆಬ್ಜಿ. ಈ ಮನೇಲೇ ಒಂದ್ಸಲ ಕೇಳಿದ್ರೆ ಸಾಕು. ಐದೂ, ಮೊದಲಿಂದ ಕೊನೆವರೆಗೆ, ನಿನ್ನ ಪೂರ್ತಿ ಧ್ವನೀಲಿ," ಎಂದ.

ಚಹಾ ಆರಿಹೋಗುತ್ತಿದೆ ಎಂದೆ.

ಆಬಾನ್ ೧೯, ಶುಕ್ರವಾರ

ಹಾಸ್ಮಿಕಳ ಕಾಟ ತಾಳಲಾರದೆ ಮೊದಲ ಹಾಡು ಶುರುಮಾಡಿದೆ. ಎರಡನೇ ಸಾಲಿಗೆ ಧ್ವನಿ ಸೀಳಿತು. ಮೂರನೆಯದಕ್ಕೆ ಗಾಳಿ ಮಾತ್ರ ಬಂತು.

"ನಿನ್ನ ಧ್ವನಿ ಎಲ್ಲಿ ಹೋಯ್ತು?" ಎಂದ.

"ಎಲ್ಲಿ ಹೋಯ್ತು? ಅಮ್ಮನ ಹಾಸಿಗೆ ಬಟ್ಟೆ ಒಗೀತಾ ಹೋಯ್ತು. ಅಪ್ಪನ ಹೆಣದ ಮುಂದೆ ಒಬ್ಬಳೇ ಅತ್ತೆನಲ್ಲ, ಅಲ್ಲಿ ಹೋಯ್ತು. ನಲವತ್ತು ಹುಡುಗೀರಿಗೆ ದಿನಾ ನದಿಗಳ ಹೆಸರು ಕೂಗಿ ಕೂಗಿ ಹೋಯ್ತು. ಇಪ್ಪತ್ತೇಳು ವರ್ಷ ಬಿಟ್ಟು ಬಂದು ಕೇಳ್ತೀಯಲ್ಲೋ!"

ಹಾಸ್ಮಿಕ್ ಕೈಚೀಲ ಹುಡುಕಿಕೊಂಡು ಹೊರಟುಹೋದಳು. ಅವನು ಕೋಣೆಗೆ ಹೋದ. ಅನ್ನ ಹಾಗೇ ಉಳಿಯಿತು.

ಆಬಾನ್ ೨೦, ಶನಿವಾರ

ಶಾಲೆಯಿಂದ ಬಂದಾಗ ಮೇಜಿನ ಮೇಲೆ ಮೊದಲ ಹಾಡು ಹೊಸದಾಗಿ ಬರೆದು ಇಟ್ಟಿದ್ದ. ಶ್ರುತಿ ನಾಲ್ಕು ಮೆಟ್ಟಿಲು ಕೆಳಗೆ. ಕೊನೆಯ ಸಾಲು ಮೇಲೆ ಹೋಗುವುದರ ಬದಲು ಮಂದ್ರಕ್ಕೆ ಇಳಿಯುತ್ತದೆ. ಬರೆದ ಸ್ವರಗಳೆಲ್ಲ ಅಡ್ಡಾದಿಡ್ಡಿ.

ಅವನು ನಿದ್ದೆ ಮಾಡುತ್ತಿದ್ದ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಈರುಳ್ಳಿ ಹೆಚ್ಚುತ್ತ, ಸರಿಯಿದೆಯೋ ನೋಡೋಣ ಎಂದು ಗುನುಗಿದೆ. ಅಷ್ಟೇ.

ಆಜರ್ ೪, ಶನಿವಾರ

ಈಗ ಅವನಿಂದ ಬರೆಯಲಾಗುವುದಿಲ್ಲ. ಕಣ್ಣು ಹಳದಿ, ಕೈಬೆರಳು ನೂಲಿನಂತೆ. ದಿಂಬಿಗೆ ಒರಗಿ ಹೇಳುತ್ತಾನೆ, ನಾನು ಬರೆಯುತ್ತೇನೆ. ಬೇರೆ ಯಾರಿದ್ದಾರೆ ಬರೆಯಲಿಕ್ಕೆ? ಶಾಲೆಗೆ ಒಂದು ತಿಂಗಳ ರಜೆ ಹಾಕಿದೆ.

ಎರಡನೆಯ ಹಾಡು ಮುಗಿಯಿತು, ಮೂರನೆಯದರಲ್ಲಿ ಜಗಳ. "ನನ್ನ ಹೆಸರು ಕೇಳಿದರು, ನಿನ್ನ ಹೆಸರು ಬಾಯಿಗೆ ಬಂತು" ಎಂಬ ಸಾಲಿನಲ್ಲಿ "ನಿನ್ನ" ಎಂಬಲ್ಲಿಗೆ ಪಿಯಾನೋದಲ್ಲಿ ಎಡಗೈ ನುಡಿಸುವ ಮಂದ್ರ ಸ್ವರಗಳೆಲ್ಲ ಗುಡುಗಬೇಕಂತೆ.

"ಬೇಡ," ಎಂದೆ. "ಬಾಯಿ ತಪ್ಪಿ ಬಂದ ಹೆಸರು ಅದು. ಬಾಯಿ ತಪ್ಪಿದಾಗ ಗುಡುಗುತ್ತಾ? ಸುಮ್ಮನಾಗ್ತೀವಿ. ಅಲ್ಲಿ ಪಿಯಾನೋನೇ ಇರಬಾರದು."

"ನನಗೇನೂ ಗೊತ್ತಿಲ್ಲ ಅಂತಿದ್ದೋಳು ನೀನು."

"ಗೊತ್ತಿಲ್ಲ. ಆದ್ರೆ ಇದು ತಪ್ಪು."

ಅರ್ಧ ಗಂಟೆ ಮುಖ ತಿರುಗಿಸಿ ಮಲಗಿದ. ಆಮೇಲೆ ಗೋಡೆಯ ಕಡೆಯಿಂದಲೇ, "ಹೊಡೆದುಹಾಕು ಎಡಗೈನ," ಎಂದ.

ಹೊಡೆದುಹಾಕಿದೆ. ಹಾಸ್ಮಿಕ್‌ಗೆ ಫೋನು ಮಾಡಿ ಓದಿ ಹೇಳಿದೆ. ಅವಳು, "ಇದು ಯಾರ ತಲೆ?" ಎಂದು ಕೇಳಿದಳು. ಅವನದೇ ಎಂದೆ.

ಆಜರ್ ೧೭, ಶುಕ್ರವಾರ

ಐದನೆಯದೂ ಮುಗಿಯಿತು. ನೋವಿನ ಮಾತ್ರೆ ಎರಡರಿಂದ ನಾಲ್ಕಕ್ಕೆ ಏರಿದೆ. ಸ್ವರ ಹೇಳುತ್ತ ಹೇಳುತ್ತ ನಡುವೆ ಕಣ್ಣು ಮುಚ್ಚುತ್ತಾನೆ. ಮುಂದಿನದನ್ನು ನಾನು ಬರೆದಿಟ್ಟುಕೊಂಡು, ಎದ್ದಾಗ ಓದಿ ಹೇಳುತ್ತೇನೆ. "ಹಾಂ, ಅದೇ," ಎನ್ನುತ್ತಾನೆ.

ಹಾಸ್ಮಿಕ್ ಬಂದು ಪಿಯಾನೋ ಮುಂದೆ ಕೂತು, "ಸರಿ, ಏಳು, ಹಾಡು," ಎಂದಳು.

ಗಂಟಲು ಕಟ್ಟಿದೆ, ಬರುವ ಶುಕ್ರವಾರ ಎಂದೆ.

ಆಜರ್ ೨೪, ಶುಕ್ರವಾರ

ಚಿಕ್ಕಮ್ಮನ ಮಗ ಸಂಸಾರ ಸಮೇತ ನೋಡಲು ಬಂದು ಸಂಜೆಯ ತನಕ ಕೂತ. ಅವರ ಮುಂದೆ ಹಾಡುವುದು ಹೇಗೆ? ಅದೂ ಅಲ್ಲದೆ ನಾಲ್ಕನೆಯ ಹಾಡಿನ ಉಸಿರು ಇನ್ನೂ ಕೂಡಿಲ್ಲ. ಅರೆಬರೆ ಹಾಡಿ ಅವನ ಹನ್ನೊಂದು ವರ್ಷ ಕೆಡಿಸುವುದು ನನಗಿಷ್ಟವಿಲ್ಲ.

ದೇ ೧, ಶುಕ್ರವಾರ

ನಿನ್ನೆ ಯಲ್ದಾ. ವರ್ಷದ ಉದ್ದನೆಯ ರಾತ್ರಿಯ ಹಬ್ಬಕ್ಕೆಂದು ದಾಳಿಂಬೆ ಬಿಡಿಸಿ ಕೊಟ್ಟರೆ ನಾಲ್ಕು ಕಾಳು ತಿಂದ. ಬೆಳಿಗ್ಗೆ ಹಾಸ್ಮಿಕ್‌ಗೆ ಜ್ವರವೆಂದು ಫೋನು ಬಂತು.

"ಪಿಯಾನೋ ಬೇಡ ಆಬ್ಜಿ. ಬರೀ ನೀನು," ಎಂದ.

"ಪಿಯಾನೋ ಇಲ್ದೆ ಅರ್ಧ ಹಾಡು. ಮುಂದಿನ ಶುಕ್ರವಾರ, ಖಂಡಿತ."

"ಸರಿ."

ದೇ ೪, ಸೋಮವಾರ

ಆಸ್ಪತ್ರೆಗೆ ಸೇರಿಸಿದೆವು. ಗಂಡಸರ ವಾರ್ಡು, ಆರು ಹಾಸಿಗೆ, ನಡುವೆ ಪರದೆ. ಪಕ್ಕದಲ್ಲಿ ಯಾರೋ ಕಾಲು ಮುರಿದುಕೊಂಡ ಲಾರಿ ಡ್ರೈವರ್, ಅವನನ್ನು ನೋಡಲು ಬಂದ ನಾಲ್ಕು ಜನ.

ಮಧ್ಯಾಹ್ನ ತೂರಜ್ ನನ್ನ ತೋಳು ಹಿಡಿದು, "ಇಲ್ಲೇ," ಎಂದ.

"ಏನು ಇಲ್ಲೇ?"

"ಒಂದೇ ಒಂದು. ಮೊದಲನೇದು."

"ಹುಚ್ಚಾ ನಿಂಗೆ? ಸುತ್ತ ಗಂಡಸರು. ಎಬ್ಬಿಸಿ ಕಳಿಸ್ತಾರೆ ನನ್ನ. ಬುಧವಾರ ಮನೆಗೆ ಬಿಡ್ತೀವಿ ಅಂದಿದಾರೆ. ಹಾಸ್ಮಿಕ್‌ನ ಕರೆಸ್ತೀನಿ. ಅಲ್ಲಿ ಹಾಡ್ತೀನಿ, ಐದೂ."

ನೀರು ಕೇಳಿದ. ಹತ್ತಿ ಅದ್ದಿ ತುಟಿಗೆ ಹಚ್ಚಿದೆ.

ದೇ ೬, ಬುಧವಾರ

ತೂರಜ್ ಹೋದ. ಬೆಳಿಗ್ಗೆ ಆರೂ ಹತ್ತಕ್ಕೆ. ನಾನು ಚಹಾ ತರಲು ಕೆಳಗೆ ಹೋಗಿದ್ದೆ.

ದೇ ೧೫, ಶುಕ್ರವಾರ

ಏಳನೆಯ ದಿನದ ಹಲ್ವಾ, ಖರ್ಜೂರ ಎಲ್ಲ ಮುಗಿಯಿತು. ಕೆಳಗಿನ ಮನೆಯ ಹಿರಿಯಾಕೆ ಹಾಜಿ ಖಾನಂ ನನ್ನ ಕೆನ್ನೆ ಸವರಿ, "ನಿನ್ನಂಥ ಅಕ್ಕ ಯಾರಿಗೆ ಸಿಗ್ತಾಳಮ್ಮ, ಅವನ ಮನಸ್ಸಲ್ಲಿ ಒಂದು ಆಸೇನೂ ಉಳಿಯದ ಹಾಗೆ ನೋಡ್ಕೊಂಡೆ," ಎಂದರು.

ಬರೆಯಲು ಏನೂ ಇಲ್ಲ.

ಬಹ್ಮನ್ ೧೬, ಸೋಮವಾರ

ನಲವತ್ತನೆಯ ದಿನ. ಗೋರಿಗೆ ಗುಲಾಬಿ ನೀರು ಹಾಕಿ ತೊಳೆದೆವು. ಬಂದವರೆಲ್ಲ ಹೋದ ಮೇಲೂ ಹಾಸ್ಮಿಕ್ ನಿಂತಿದ್ದಳು. ಮಂಜು ಬಿದ್ದ ನೆಲದಲ್ಲಿ ಬೂಟಿನ ತುದಿಯಿಂದ ಗೀಚುತ್ತ, "ಸಮಾಧಾನ ಹೇಳೋಕೆ ನಂಗೆ ಬರಲ್ಲ. ಪಿಯಾನೋ ಶ್ರುತಿ ಕೂರಿಸೋನು ಗುರುವಾರ ಬರ್ತಾನೆ. ಮನೇಲಿರು," ಎಂದಳು.

ಆಗ ನನ್ನ ಬಾಯಿಂದ ಬಂದುಬಿಟ್ಟಿತು. ಇಷ್ಟು ದಿನ ಈ ಪುಸ್ತಕದಲ್ಲೂ ಬರೆಯದಿದ್ದದ್ದು.

"ನನ್ನ ಗಂಟಲು ಚೆನ್ನಾಗಿತ್ತು ಹಾಸ್ಮಿಕ್. ಕಟ್ಟಿರಲಿಲ್ಲ. ಉಸಿರೂ ಕೂಡಿತ್ತು. ನಾನು ಇಪ್ಪತ್ತೇಳು ವರ್ಷ ಕಾದೆನಲ್ಲ, ಅವನೂ ಒಂದು ತಿಂಗಳು ಕಾಯ್ಲಿ ಅಂದ್ಕೊಂಡೆ. ಸಾವು ನನ್ನ ಲೆಕ್ಕ ಕೇಳಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ."

ಅವಳು ನನ್ನ ಮುಖ ನೋಡಲಿಲ್ಲ. "ನಂಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು."

"ಅವನೇನಂದ?"

"'ಕಾಯೋ ಸರದಿ ಈಗ ನಂದು' ಅಂದ. ಅಷ್ಟೇ ಅಂದಿದ್ದು. ಬೈಯಲಿಲ್ಲ. ಬೈದಿದ್ರೆ ನಿನಗೆ ಹೇಳ್ತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು.

ಇಸ್ಫಂದ್ ೪, ಶುಕ್ರವಾರ

ಹಾಡಿದೆ. ಕಿಟಕಿ ಮುಚ್ಚಿ, ಪರದೆ ಎಳೆದು, ಹಾಸ್ಮಿಕ್ ನುಡಿಸಿದ ಹಾಗೆ ಐದನ್ನೂ. ಕೊನೆಗೆ ಅವಳು ಹಿಂದಿರುಗಿ ನೋಡಿದಳು, ಅವನು ಒರಗಿ ಕೂರುತ್ತಿದ್ದ ಸೋಫಾ ಕಡೆ. ಇಬ್ಬರೂ ನೋಡಿದೆವು.

ನಮ್ಮ ಮೂರನೆಯ ಹಾಡು ಇನ್ನೂ ಅರ್ಧ ಮೆಟ್ಟಿಲು ಇಳಿಯಬೇಕು. ಸೋಮವಾರದೊಳಗೆ ತಿದ್ದಿ ಕೊಡುತ್ತೇನೆ ಎಂದಿದ್ದೇನೆ.

ಫರ್ವರ್ದೀನ್ ೧, ಬುಧವಾರ

ನೌರೂಜ್. ಹಬ್ಬಕ್ಕೆಂದು ಬಟ್ಟಲಲ್ಲಿ ಬೆಳೆಸಿದ ಮೊಳಕೆ ಗೋಧಿ ಚೆನ್ನಾಗಿ ಬಂದಿದೆ. ತಟ್ಟೆ ಒಂದೇ ಇಟ್ಟೆ.

ಉರ್ದಿಬೆಹೆಶ್ತ್ ೨೧, ಶುಕ್ರವಾರ

ನಿನ್ನೆ ಕಾರ್ಯಕ್ರಮ ಆಯಿತು. ಮಧ್ಯಾಹ್ನ ನಾಲ್ಕಕ್ಕೆ, ಒಂದು ಸಣ್ಣ ಸಭಾಂಗಣದಲ್ಲಿ. ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತು ಎಲ್ಲರ ಫೋನು ಇಸಿದುಕೊಂಡು ಚೀಟಿ ಕೊಟ್ಟರು. ಎಂಬತ್ತು ಜನ ಇರಬಹುದು. ಮೊದಲ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರು ಆರು ಮಂದಿ. ಒಬ್ಬಳು ಬಸುರಿ. ನಾನು ವೇದಿಕೆಗೆ ಬಂದಾಗ ಆ ಪೋರಿ ಪಕ್ಕದವಳಿಗೆ, "ಅಯ್ಯೋ, ನಮ್ಮ ನದಿಗಳ ಟೀಚರ್ರು!" ಎಂದದ್ದು ನನಗೂ ಕೇಳಿಸಿತು.

ಹೇಗೆ ಹಾಡಿದೆ ಎಂದು ಹೇಳಲಾರೆ. ಮೂರನೆಯದರಲ್ಲಿ ಪಿಯಾನೋ ನಿಂತು ನನ್ನ ಧ್ವನಿ ಒಂದೇ ಉಳಿದಾಗ ಯಾರೋ ಕೆಮ್ಮುವುದನ್ನೂ ನಿಲ್ಲಿಸಿದರು. ಮುಗಿದ ಮೇಲೆ ಹಾಸ್ಮಿಕ್ ಅತ್ತಳು. ನನಗೆ ಅಳು ಬರಲಿಲ್ಲ.

ಎಲ್ಲರೂ ಹೊರಡುವಾಗ ಒಬ್ಬ ಮುದುಕಿ, ಮೊಮ್ಮಗಳ ಕೈ ಹಿಡಿದು, ಕೋಲೂರಿಕೊಂಡು ಬಂದಳು. ಮೊಮ್ಮಗಳು ಎಳೆಯುತ್ತಿದ್ದರೂ ಬಿಡಲಿಲ್ಲ. ಅರ್ದಸ್ತಾನದವಳಂತೆ. ಅವಳ ಅಜ್ಜಿ ಕಂಬಳಿ ನೇಯುತ್ತ ಬೀಬಿ ಸಮನಳ ಪದ್ಯ ಹೇಳುತ್ತಿದ್ದಳಂತೆ.

"ಚೆನ್ನಾಗಿ ಹಾಡ್ದೆ ಮಗಳೇ. ಆದ್ರೆ ನಾಲ್ಕನೇದು ತಪ್ಪು ಹೇಳಿದೆ."

"ಅಜ್ಜೀ, ಬಾ!" ಎಂದಳು ಮೊಮ್ಮಗಳು ನಾಚಿಕೊಂಡು.

"ಇರೇ. ನೀನೇನು ಹಾಡ್ದೆ, ಇನ್ನೊಂದ್ಸಲ ಹೇಳು," ಎಂದಳು ನನಗೆ.

ಹೇಳಿದೆ. ನಾವು ಪುಸ್ತಕದಲ್ಲಿದ್ದಂತೆ ಹಾಡಿದ್ದು ಹೀಗೆ:

ದೀಪ ಹಚ್ಚಿ ಹೊಸ್ತಿಲಲ್ಲಿ ಕೂತೆ,
ದಾರಿ ನೋಡಿ ಕಣ್ಣು ಸವೆಸಿದೆ;
ಎಣ್ಣೆ ತೀರಿದ ಮೇಲೆ, ಕೊನೆಗೂ
ಗೆಳೆಯ ಬಂದ.

"ಬಂದ ಅಲ್ಲ," ಎಂದಳು ಮುದುಕಿ. "ಬರೆದುಕೊಂಡೋನು ಯಾರೋ ಮುಲ್ಲಾ ಇರ್ಬೇಕು, ಅವನಿಗೆ ತಿಳೀಲಿಲ್ಲ. ನಮ್ಮಜ್ಜಿ ಹೇಳ್ತಿದ್ದಿದ್ದು, 'ಎಣ್ಣೆ ತೀರಿದ ಮೇಲೆ ಒಳಗೆ ಹೋದೆ, ಗೆಳೆಯ ಒಳಗಿದ್ದ.' ಎಲ್ಲಿಂದಲೂ ಬರಲಿಲ್ಲ ಅವನು. ಮೊದಲಿಂದ ಮನೇಲೇ ಇದ್ದ. ಇವಳು ಬಾಗಿಲಿಗೆ ಮುಖ ಮಾಡಿ ಕೂತಿದ್ಲು, ಅಷ್ಟೇ."

ನಾನು ಅವಳ ಕೈ ಹಿಡಿದುಕೊಂಡೆ. ಬಹಳ ಹೊತ್ತು ಬಿಡಲಿಲ್ಲವೆಂದು ಕಾಣುತ್ತದೆ. "ಯಾಕಮ್ಮಾ, ಬೇಜಾರಾಯ್ತಾ?" ಎಂದು ಕೇಳಿದಳು.

ಇವತ್ತು ಬೆಳಿಗ್ಗೆ ಎದ್ದು ನಾಲ್ಕನೆಯ ಹಾಡು ತೆಗೆದುಕೊಂಡು ಕೂತೆ. ತಿದ್ದುವುದು ಸುಲಭವಲ್ಲ. "ಎಣ್ಣೆ ತೀರಿದ ಮೇಲೆ" ಎಂಬುದಾದ ಮೇಲೆ "ಒಳಗೆ ಹೋದೆ" ಎಂಬುದಕ್ಕೆ ಜಾಗವೇ ಇಲ್ಲ. "ಬಂದ" ಎಂಬಲ್ಲಿ ತೂರಜ್ ಪಿಯಾನೋವನ್ನು ಬಾಗಿಲು ತೆರೆದ ಹಾಗೆ ಅಗಲಿಸಿದ್ದಾನೆ. "ಒಳಗಿದ್ದ" ಎಂದರೆ ಎರಡು ಅಕ್ಷರ ಹೆಚ್ಚು, ಎರಡು ಸ್ವರ ಹೆಚ್ಚು. ಆ ಅಗಲವೂ ಬೇಡ. ಇಡೀ ಕೊನೆಯನ್ನು ಬಿಚ್ಚಿ ಮತ್ತೆ ಕಟ್ಟಬೇಕು.

ಅವನು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಆರುನೂರು ವರ್ಷದ ಪುಸ್ತಕಕ್ಕಿಂತ ಒಬ್ಬ ಮುದುಕಿಯ ಮಾತು ಹೆಚ್ಚೇ ಎನ್ನುತ್ತಿದ್ದ. ನಾನು ಹೌದು ಎನ್ನುತ್ತಿದ್ದೆ. ಅರ್ಧ ಗಂಟೆ ಮಾತು ಬಿಡುತ್ತಿದ್ದ.

ಪೆನ್ಸಿಲ್ ಹಿಡಿದು ಆ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಆಮೇಲೆ ಹಳೆಯದನ್ನು ಅಳಿಸಿ ಬರೆದೆ. ಹೆಚ್ಚಿನ ಎರಡು ಅಕ್ಷರಕ್ಕೆ ಒಂದು ಸ್ವರ ಪಕ್ಕದಲ್ಲಿ, ಇನ್ನೊಂದು ಅದರ ಕೆಳಗೆ, ನನ್ನ ಧ್ವನಿ ಮುಟ್ಟುವ ಕಟ್ಟಕಡೆಯ ಮೆಟ್ಟಿಲು. ಎದ್ದು ನಿಂತು, ಕಿಟಕಿಯ ಕಡೆಗಲ್ಲ, ಕೋಣೆಯ ಒಳಗೆ ಮುಖ ಮಾಡಿ, ಪೂರ್ತಿ ಧ್ವನಿಯಲ್ಲಿ ಹಾಡಿದೆ.